ಎರ್ವೆ ಯೂಂಬಿ ಮತ್ತು ಬಮಿಲೆಕೆ ಮುಖವಾಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎರ್ವೆ ಯೂಂಬಿ ಯಾರು?

ಕ್ಯಾಮರೂನಿನ ಕಲಾವಿದರು. ಹುಟ್ಟಿದ್ದು 1973ರಲ್ಲಿ, ಪಕ್ಕದ ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿಯಲ್ಲಿ. ಮೂಲ ಬಮಿಲೆಕೆ. ಕಲೆ ಕಲಿತದ್ದು ಕ್ಯಾಮರೂನಿನ ಎಂಬಾಲ್ಮಾಯೊ ಊರಿನ ಕಲಾ ಶಾಲೆಯಲ್ಲಿ, ಆಮೇಲೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ಈಗ ಇರುವುದು, ಕೆಲಸ ಮಾಡುವುದು ಡುವಾಲಾದಲ್ಲಿ. ಅದು ಕ್ಯಾಮರೂನಿನ ದೊಡ್ಡ ಬಂದರು ನಗರ, ವ್ಯಾಪಾರದ ಊರು.

ಅವರ ಹೆಸರು ಜಾಸ್ತಿ ಕೇಳಿಬರುವುದು 2015ರಿಂದ ನಡೆಸಿಕೊಂಡು ಬಂದಿರುವ 'ಮುಖವಾಡಗಳ ಮುಖಗಳು' ಎಂಬ ಸರಣಿಯಿಂದ. ಫ್ರೆಂಚ್‌ನಲ್ಲಿ 'ವಿಸಾಜ್ ದ ಮಾಸ್ಕ್'. ಬಮಿಲೆಕೆ ಸೀಮೆಯ ಮುಖವಾಡ ಸಂಪ್ರದಾಯದ ಒಳಗೇ ನಿಂತು ಅವರು ಹೊಸ ಮುಖವಾಡ ಮಾಡುತ್ತಾರೆ. ಅದನ್ನು ಅಲ್ಲಿನ ಜನ ನಿಜವಾಗಿ ಹಾಕಿಕೊಂಡು ಕುಣಿಯುತ್ತಾರೆ. ಆಮೇಲೆ ಅದು ಮ್ಯೂಸಿಯಂಗೂ ಹೋಗುತ್ತದೆ. ಈ ಪುಟದಲ್ಲಿರುವ ಮುಕ್ಕಾಲು ಪ್ರಶ್ನೆಗಳು ಹುಟ್ಟುವುದೇ ಈ ಎರಡು ಕಡೆಯ ಓಡಾಟದಿಂದ.

ಬಮಿಲೆಕೆ ಅಂದರೆ ಯಾರು? ಒಂದು ಬುಡಕಟ್ಟಾ?

ಒಂದು ಬುಡಕಟ್ಟು ಅಂದುಬಿಟ್ಟರೆ ತಪ್ಪು ಚಿತ್ರ ಬರುತ್ತದೆ. ಕ್ಯಾಮರೂನಿನ ಪಶ್ಚಿಮದಲ್ಲಿ ಎತ್ತರದ, ತಂಪಾದ, ಹುಲ್ಲು ಬೆಳೆಯುವ ಬೆಟ್ಟದ ಸೀಮೆ ಇದೆ. ಮಣ್ಣು ಫಲವತ್ತು, ಜನ ಜಾಸ್ತಿ. ಅಲ್ಲಿ ನೂರಕ್ಕೂ ಹೆಚ್ಚು ಚಿಕ್ಕ ದೊಡ್ಡ ಅರಸೊತ್ತಿಗೆಗಳಿವೆ. ಬಂಜೂನ್, ಬಾಹಾಮ್, ಬಾಟೂಫಾಮ್, ಬಂಗಾಂಟೆ, ಹೀಗೆ. ಪ್ರತಿಯೊಂದಕ್ಕೂ ಒಬ್ಬ ಅರಸ, ಅವರನ್ನು 'ಫೋ' ಅನ್ನುತ್ತಾರೆ. ಪ್ರತಿಯೊಂದಕ್ಕೂ ಅರಮನೆ, ಸಂತೆ ಮಾಳ, ಪವಿತ್ರ ಕಾಡು. ಭಾಷೆ ಕೂಡ ಊರಿಂದ ಊರಿಗೆ ಬದಲಾಗುತ್ತದೆ. ಇವರೆಲ್ಲರಿಗೂ ಸೇರಿ ಹೊರಗಿನವರು ಇಟ್ಟ ಹೆಸರು ಬಮಿಲೆಕೆ, ಈಗ ಅವರೂ ಅದನ್ನೇ ಬಳಸುತ್ತಾರೆ.

ಅರಸ ಒಬ್ಬನೇ ಎಲ್ಲ ನಡೆಸುವುದಿಲ್ಲ. ಒಂಬತ್ತು ಹಿರಿಯರ ಸಭೆ ಇರುತ್ತದೆ. ಅದರ ಜೊತೆ ಹತ್ತಾರು ಸಂಘಗಳು: ಕೆಲವು ಯೋಧರದ್ದು, ಕೆಲವು ಹಣವಂತರದ್ದು, ಕೆಲವು ಮಂತ್ರ ಮದ್ದು ಬಲ್ಲವರದ್ದು. ಮುಖವಾಡಗಳು ಈ ಸಂಘಗಳ ಆಸ್ತಿ. ಒಬ್ಬ ಮನುಷ್ಯನ ಆಸ್ತಿ ಅಲ್ಲ. ಇದನ್ನು ಮರೆತರೆ ಯೂಂಬಿ ಅವರ ಕೆಲಸ ಅರ್ಥ ಆಗುವುದೇ ಇಲ್ಲ.

ಪೂರ್ವಜರಿಗೆ ಅಲ್ಲಿ ಅಷ್ಟು ಮಹತ್ವ ಯಾಕೆ?

ಸತ್ತವರು ಅಲ್ಲಿ ಮನೆ ಬಿಟ್ಟು ಹೋಗುವುದಿಲ್ಲ. ಮಣ್ಣು ಮಾಡಿ ಕೆಲವು ವರ್ಷ ಕಳೆದ ಮೇಲೆ ತಲೆಬುರುಡೆಯನ್ನು ಹೊರತೆಗೆದು, ಮನೆತನದ ಜಾಗದಲ್ಲಿ ಜೋಪಾನವಾಗಿ ಇಡುವ ಪದ್ಧತಿ ಇದೆ. ತಾಳೆ ಎಣ್ಣೆ, ಉಪ್ಪು ಅರ್ಪಿಸುತ್ತಾರೆ. ಮನೆಯಲ್ಲಿ ಕಾಯಿಲೆ, ಮದುವೆ, ಜಗಳ, ದೂರದ ಪ್ರಯಾಣ, ಏನಿದ್ದರೂ ಅವರ ಮುಂದೆ ಹೇಳಿಕೊಳ್ಳುತ್ತಾರೆ. ಡುವಾಲಾದಲ್ಲೋ ಪ್ಯಾರಿಸ್‌ನಲ್ಲೋ ಇರುವ ಮಕ್ಕಳು ಇದಕ್ಕೆಂದೇ ಊರಿಗೆ ಬರುತ್ತಾರೆ. ಚರ್ಚಿಗೆ ಹೋಗುವವರೂ ಬರುತ್ತಾರೆ.

ಅಂತ್ಯಸಂಸ್ಕಾರ ಬೇರೆ, ಆಮೇಲೆ ನಡೆಯುವ ದೊಡ್ಡ ಸಮಾರಂಭ ಬೇರೆ. ಎರಡನೆಯದನ್ನು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ, ಮಳೆ ಇಲ್ಲದ ಕಾಲ ನೋಡಿ ಮಾಡುತ್ತಾರೆ. ಅದಕ್ಕೆ ಕುಟುಂಬ ಜೀವಮಾನದ ಉಳಿತಾಯ ಸುರಿಯುವುದೂ ಉಂಟು. ಮುಖವಾಡದ ಸಂಘಗಳು ಹೊರಗೆ ಬರುವುದು ಇಂಥ ಹೊತ್ತಿನಲ್ಲೇ. ಹಾಗಾಗಿ ಬಮಿಲೆಕೆ ಮುಖವಾಡ ಅಂದರೆ ಗೋಡೆಗೆ ತಗುಲಿಹಾಕುವ ಮುಖ ಅಲ್ಲ, ಸತ್ತವರನ್ನು ಗೌರವದಿಂದ ಕಳಿಸಿಕೊಡುವ ಕೆಲಸಕ್ಕೆ ಬೇಕಾದ ಒಂದು ಸಾಧನ.

ಆನೆ ಮುಖವಾಡ ಅಂತ ತುಂಬಾ ಕಡೆ ಓದಿದ್ದೇನೆ. ಅದು ಹೇಗಿರುತ್ತದೆ?

ಫೋಟೋದಲ್ಲಿ ನೋಡಿದವರು ಮೊದಲು ಇದನ್ನು ಮುಖವಾಡ ಅಂತಲೇ ಅಂದುಕೊಳ್ಳುವುದಿಲ್ಲ, ಯಾಕೆಂದರೆ ಮರದ್ದಲ್ಲ. ಇದು ಬಟ್ಟೆಯ ಕುಲಾವಿ. ತಲೆ ಪೂರ್ತಿ ಮುಚ್ಚುತ್ತದೆ. ಮುಂದೆ ಒಂದು ಉದ್ದ ಪಟ್ಟಿ ಎದೆ ದಾಟಿ, ಕೆಲವೊಮ್ಮೆ ಮಂಡಿಯವರೆಗೂ ಇಳಿಯುತ್ತದೆ. ಅದೇ ಸೊಂಡಿಲು. ಹಿಂದೆಯೂ ಅಂಥದ್ದೇ ಪಟ್ಟಿ. ಎರಡು ಪಕ್ಕಕ್ಕೆ ತಟ್ಟೆಯಷ್ಟು ದೊಡ್ಡ ದುಂಡು ಕಿವಿಗಳು, ಕುಣಿಯುವಾಗ ಪಟಪಟ ಬಡಿಯುವಂಥವು. ಕಣ್ಣಿಗೆ ತೂತು, ಅದರ ಸುತ್ತ ಬಿಳಿ ಉಂಗುರ. ಮೂಗು, ಬಾಯಿ ಮನುಷ್ಯನದ್ದೇ. ಮೈತುಂಬ ಮಣಿ: ತ್ರಿಕೋನಗಳು, ವಜ್ರಾಕಾರಗಳು, ಕೆಂಪು, ನೀಲಿ, ಬಿಳಿ, ಕಪ್ಪು ಸಾಲುಗಳು. ಹತ್ತಿರ ಹೋಗಿ ನೋಡಿದರೆ ಸಾಲುಗಳು ಎಲ್ಲೂ ಗೆರೆ ಎಳೆದಷ್ಟು ನೇರ ಇರುವುದಿಲ್ಲ. ಒಂದೊಂದೇ ಮಣಿಯನ್ನು ದಾರಕ್ಕೆ ಏರಿಸಿ ಬಟ್ಟೆಗೆ ಹೊಲಿದ ಕೈ ಎಲ್ಲಿ ಬಿಗಿ ಹಿಡಿದಿದೆ, ಎಲ್ಲಿ ಸಡಿಲ ಬಿಟ್ಟಿದೆ ಅಂತ ಗೊತ್ತಾಗುತ್ತದೆ.

ಇದನ್ನು ಹಾಕುವುದು ಕ್ವೋಸಿ ಎಂಬ ಸಂಘದವರು. ಮೊದಲು ಯೋಧರ ಸಂಘ, ಆಮೇಲೆ ಹಣ ಮತ್ತು ಪದವಿ ಇದ್ದವರ ಸಂಘ ಆಯಿತು. ಆನೆ, ಚಿರತೆ ಎರಡೂ ಅರಸನ ಪ್ರಾಣಿಗಳು. ಅರಸ ಬೇಕಾದಾಗ ಆ ರೂಪ ತಾಳಬಲ್ಲ ಅನ್ನುವ ನಂಬಿಕೆ ಇದೆ. ಬೆನ್ನಿಗೆ ಚಿರತೆ ಚರ್ಮ ಹೊದ್ದುಕೊಂಡರೆ ಅದರ ಬೆಲೆ ಎಷ್ಟು ಅಂತ ನೋಡುವವರಿಗೆಲ್ಲ ಗೊತ್ತಿರುತ್ತದೆ.

ಮಣಿಗಳೂ ಹಾಗೆಯೇ. ಗಾಜಿನ ಮಣಿ ವೆನಿಸ್‌ನಿಂದ, ಈಗಿನ ಚೆಕ್ ನಾಡಿನ ಬೊಹೀಮಿಯಾದಿಂದ ಹಡಗಿನಲ್ಲಿ ಬಂದು, ಕರಾವಳಿಯಿಂದ ಬೆಟ್ಟ ಹತ್ತಿ ಅರಮನೆ ಸೇರುತ್ತಿತ್ತು. ಅದಕ್ಕೂ ಮೊದಲಿಂದ ಕವಡೆ. ಆ ಕವಡೆಯ ಬಹುಪಾಲು ನಮ್ಮ ಹಿಂದೂ ಮಹಾಸಾಗರದ್ದೇ, ಮಾಲ್ಡೀವ್ಸ್ ಕಡೆಯದು. ಪದವಿ ಇಲ್ಲದವರು ಮಣಿ ಕೆಲಸದ ಬಟ್ಟೆ ಹಾಕುವ ಹಾಗಿರಲಿಲ್ಲ. ದೂರದಿಂದ ಬಂದ ವಸ್ತುವನ್ನು ಒಳಗೆ ಸೇರಿಸಿಕೊಂಡು ತಮ್ಮದು ಮಾಡಿಕೊಳ್ಳುವುದು ಅಲ್ಲಿ ನಿನ್ನೆ ಮೊನ್ನೆಯ ಅಭ್ಯಾಸ ಅಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಪ್ಲಾಸ್ಟಿಕ್ ಮುಖವಾಡದ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಎಲ್ಲ ಫೋಟೋದಲ್ಲೂ ಒಂದು ನೀಲಿ ಬಿಳಿ ಬಟ್ಟೆ ಕಾಣುತ್ತದಲ್ಲ, ಅದೇನು?

ಅದು 'ಎಂದೋಪ್'. ಕೈಮಗ್ಗದಲ್ಲಿ ನೇಯ್ದ ಹತ್ತಿಯ ಕಿರಿದಾದ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಬಟ್ಟೆ ಮಾಡುತ್ತಾರೆ. ಅದರ ಮೇಲೆ ರಾಫಿಯಾ ತಾಳೆಯ ನಾರಿನಿಂದ ಚಿತ್ತಾರವನ್ನು ಬಿಗಿಯಾಗಿ ಹೊಲಿಯುತ್ತಾರೆ. ಆಮೇಲೆ ನೀಲಿ ಬಣ್ಣದಲ್ಲಿ ಅದ್ದುತ್ತಾರೆ. ಒಣಗಿದ ಮೇಲೆ ನಾರು ಬಿಚ್ಚಿದರೆ ಹೊಲಿಗೆ ಇದ್ದ ಕಡೆ ಬಿಳಿ ಉಳಿದಿರುತ್ತದೆ. ಹಿಂದೆ ಇದರ ನೇಯ್ಗೆ ಉತ್ತರ ಕ್ಯಾಮರೂನಿನಲ್ಲಿ, ಹೊಲಿಗೆ ಪಶ್ಚಿಮದ ಬೆಟ್ಟದಲ್ಲಿ, ಹೀಗೆ ಬಟ್ಟೆಯೇ ನೂರಾರು ಮೈಲಿ ಓಡಾಡುತ್ತಿತ್ತು. ಸಮಾರಂಭದ ಜಾಗಕ್ಕೆ ತೆರೆಯ ಹಾಗೆ ಕಟ್ಟುತ್ತಾರೆ, ಮುಖವಾಡದವರು ಮೈಗೆ ಸುತ್ತಿಕೊಳ್ಳುತ್ತಾರೆ.

ಕುಂಗಾಂಗ್ ಸಂಘ ಅಂದರೆ?

ಮಂತ್ರ, ಮದ್ದು, ರಕ್ಷಣೆ ಇವರ ಕೆಲಸ. ಹೊಲ ಬೆಳೆಯಬೇಕು, ಊರಿಗೆ ಕೆಡುಕು ಆಗಬಾರದು, ಅರಸನ ಶಕ್ತಿ ಕುಂದಬಾರದು, ಇದಕ್ಕೆಲ್ಲ ಇವರು ಬೇಕು. ಜನ ಇವರನ್ನು ಗೌರವಿಸುತ್ತಾರೆ, ಹೆದರುತ್ತಾರೆ ಕೂಡ. ಕ್ವೋಸಿಯವರದ್ದು ಸಿರಿವಂತಿಕೆಯ ಥಳಕು. ಕುಂಗಾಂಗ್‌ನವರದ್ದು ಭಯ ಹುಟ್ಟಿಸುವ ರೂಪ: ಮರದ ಮುಖ, ಉಬ್ಬಿದ ಕೆನ್ನೆ, ಗಂಟು ಗಂಟಾದ ಕೂದಲಿನಂಥ ಭಾರದ ನಿಲುವಂಗಿ. ಯೂಂಬಿ ಅವರ ಹಲವು ಮುಖವಾಡಗಳು ಈ ಸಂಘದ ಜೊತೆಗೇ ರೂಪುಗೊಂಡಿವೆ.

ಸರಿ, ಯೂಂಬಿ ಹೊಸದಾಗಿ ಮಾಡಿದ್ದೇನು? ಹಳೇ ಮುಖವಾಡ ನೋಡಿ ಪ್ರೇರಣೆ ಪಡೆದವರು ಬೇಕಾದಷ್ಟು ಜನ ಇದ್ದಾರಲ್ಲ?

ಇದ್ದಾರೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಪ್ಯಾರಿಸ್ಸಿನ ಚಿತ್ರಕಾರರು ಆಫ್ರಿಕಾದ ಮುಖವಾಡಗಳ ಆಕಾರ ತೆಗೆದುಕೊಂಡರು. ಆಫ್ರಿಕಾದ ಎಷ್ಟೋ ಕಲಾವಿದರೂ ಕ್ಯಾನ್ವಾಸಿನ ಮೇಲೆ ಮುಖವಾಡ ಬರೆದಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲೆಲ್ಲ ಮುಖವಾಡ ಚಿತ್ರ ಆಗುತ್ತದೆ, ಕುಣಿತದಿಂದ ಹೊರಗೆ ಬರುತ್ತದೆ, ಮತ್ತೆ ವಾಪಸು ಹೋಗುವುದಿಲ್ಲ.

ಯೂಂಬಿ ಅವರ ದಾರಿ ಬೇರೆ. ಹೊಸ ಮುಖವಾಡದ ವಿನ್ಯಾಸ ಮೊದಲು ಕಾಗದದ ಮೇಲೆ ಬರುತ್ತದೆ. ಅದನ್ನು ಕೆತ್ತನೆಯವರು, ಮಣಿ ಹೊಲಿಯುವವರು ವಸ್ತುವಾಗಿ ಮಾಡುತ್ತಾರೆ. ಆಮೇಲೆ ಪಶ್ಚಿಮದ ಅರಸೊತ್ತಿಗೆಯ ಸಂಘದವರು ಅದನ್ನು ಒಪ್ಪಬೇಕು. ಒಪ್ಪಿದರೆ ಅದಕ್ಕೆ ಆಗಬೇಕಾದ ವಿಧಿ ಆಗುತ್ತದೆ, ಅಂತ್ಯಸಂಸ್ಕಾರದ ಸಮಾರಂಭದಲ್ಲೋ ಇನ್ನೊಂದು ಹೊತ್ತಿನಲ್ಲೋ ಅದು ಕುಣಿಯುತ್ತದೆ. ಇದರ ವಿಡಿಯೊ ಮಾಡುತ್ತಾರೆ. ಗ್ಯಾಲರಿಯಲ್ಲಿ ಇಡುವಾಗ ಮುಖವಾಡದ ಪಕ್ಕದಲ್ಲೇ ಆ ವಿಡಿಯೊ ಓಡುತ್ತಿರುತ್ತದೆ. ಸಾಗಿಸುವ ಮರದ ಪೆಟ್ಟಿಗೆಗಳನ್ನೂ ಪ್ರದರ್ಶನದಲ್ಲಿ ಇಟ್ಟದ್ದುಂಟು, ಈ ವಸ್ತು ಪ್ರಯಾಣದಲ್ಲಿದೆ, ಇಲ್ಲೇ ನೆಲೆ ನಿಂತಿಲ್ಲ ಅಂತ ತೋರಿಸಲು.

ಇನ್ನೊಂದು ವಿಷಯ. ಅವರು ಬಮಿಲೆಕೆ ರೂಪಗಳನ್ನು ಮಾತ್ರ ಬಳಸುವುದಿಲ್ಲ. ಮಾಲಿ ದೇಶದ ದೋಗೋನ್ ಜನರ ಮುಖವಾಡದ ರೂಪವನ್ನು ಕುಂಗಾಂಗ್ ಮುಖವಾಡಕ್ಕೆ ಬೆರೆಸಿದ್ದಾರೆ. ಕಲಾ ಮಾರುಕಟ್ಟೆಯಲ್ಲಿ 'ದೋಗೋನ್ ಶೈಲಿ', 'ಬಮಿಲೆಕೆ ಶೈಲಿ' ಅಂತ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟದ್ದನ್ನು ಒಂದೇ ತಲೆಯ ಮೇಲೆ ತಂದು ಕೂರಿಸುತ್ತಾರೆ. ಸಂಘದವರು ಅದನ್ನೂ ಒಪ್ಪಿಕೊಂಡಿದ್ದಾರೆ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಆ ಒಪ್ಪಿಗೆ. ಕಲಾವಿದ ಏನು ಬೇಕಾದರೂ ಕಲ್ಪಿಸಬಹುದು, ಆದರೆ ನೂರಾರು ಜನರ ಮುಂದೆ, ತಮ್ಮ ಸತ್ತವರ ಹೆಸರಿನಲ್ಲಿ, ಅದನ್ನು ತಲೆಗೆ ಹಾಕಿಕೊಂಡು ಕುಣಿಯುವವರು ಸುಮ್ನೆ ಒಪ್ಪುವುದಿಲ್ಲ ಅಲ್ವಾ?

ಹಾಲಿವುಡ್ ಸಿನಿಮಾದ ಮುಖವಾಡವನ್ನೂ ಬಳಸಿದ್ದಾರಂತೆ. ನಿಜಾನಾ?

ನಿಜ. 1996ರ 'ಸ್ಕ್ರೀಮ್' ಸಿನಿಮಾದಲ್ಲಿ ಕೊಲೆಗಾರ ಹಾಕುವ, ಬಾಯಿ ಉದ್ದಕ್ಕೆ ಜೋತುಬಿದ್ದ ಬಿಳಿ ಮುಖ ನಿಮಗೆ ಗೊತ್ತಿರುತ್ತದೆ. ಅದು ಸಿನಿಮಾಕ್ಕೆ ಮೊದಲೇ ಅಮೆರಿಕದಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ಮಾರುತ್ತಿದ್ದ ಮುಖವಾಡ. ನೋಡಿದರೆ ನಾರ್ವೆಯ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ 'ಕಿರುಚು' ಚಿತ್ರ ನೆನಪಾಗುತ್ತದೆ. ಚೀನಾದಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಪ್ರತಿಗಳು ಕ್ಯಾಮರೂನಿನ ಸಂತೆಗಳಿಗೂ ಬಂದವು. ಇಂಥ ಹ್ಯಾಲೋವೀನ್ ಮುಖಗಳನ್ನು ಬೆಟ್ಟದ ಸೀಮೆಯಲ್ಲಿ ಕುಣಿಯುವವರು ತಾವಾಗಿಯೇ ಹಾಕಿಕೊಳ್ಳತೊಡಗಿದ್ದರು. ಯೂಂಬಿ ಅದನ್ನು ಗಮನಿಸಿದರು.

ಮುಂದಿನ ಹೆಜ್ಜೆ ಅವರದ್ದು. ಆ ಮುಖವನ್ನು ಬಮಿಲೆಕೆ ಕೆಲಸಗಾರಿಕೆಯಲ್ಲಿ ಹೊಸದಾಗಿ ಮಾಡಿಸಿದರು. ಜೋತುಬಿದ್ದ ಬಾಯಿ, ಓರೆ ಕಣ್ಣು ಹಾಗೇ ಇವೆ, ಆದರೆ ಈಗ ಮಣಿಯಲ್ಲಿ. ಅದಕ್ಕೆ ಆನೆ ಮುಖವಾಡದ ಮೈಕಟ್ಟು ಸೇರಿತು. 'ಎರಡು ಮುಖದ ತ್ಸೋ ಸ್ಕ್ರೀಮ್' ಅನ್ನುವ ಮುಖವಾಡ ಹುಟ್ಟಿದ್ದು ಹೀಗೆ.

ಇದು ಪೂರ್ವಜರಿಗೆ ಅಪಚಾರ ಅಲ್ವಾ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಹೊರಗಿನವರು. ನಾನು ಹೇಳುವುದು ಇಷ್ಟು: ಅಪಚಾರ ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಹಕ್ಕು ಮುಖವಾಡ ಹಾಕುವ ಸಂಘದ್ದು. ಅವರು ಅದನ್ನು ಕುಣಿಸಿದ್ದಾರೆ. ಕುಂಗಾಂಗ್ ಮುಖವಾಡದ ಕೆಲಸವೇ ನೋಡಿದವರ ಎದೆ ಝಲ್ ಅನ್ನಿಸುವುದು. ಇವತ್ತಿನ ಹುಡುಗರಿಗೆ ಯಾವ ಮುಖ ಹೆದರಿಕೆ ಹುಟ್ಟಿಸುತ್ತದೋ ಆ ಮುಖ ಆ ಕೆಲಸಕ್ಕೆ ಒದಗಿತು. ವೆನಿಸ್ಸಿನ ಗಾಜು, ಮಾಲ್ಡೀವ್ಸಿನ ಕವಡೆ ಒಳಗೆ ಬಂದ ಬಾಗಿಲಿನಲ್ಲೇ ಇದೂ ಬಂತು. ಗಾಜಿನ ಮಣಿಯನ್ನು 'ಶುದ್ಧ ಆಫ್ರಿಕಾ' ಅಂತ ಮೆಚ್ಚಿಕೊಂಡು ಪ್ಲಾಸ್ಟಿಕ್ ಮುಖವನ್ನು 'ಕೆಟ್ಟುಹೋಯಿತು' ಅನ್ನುವುದು ನ್ಯಾಯ ಅಲ್ಲ.

ಹಾಗಂತ ಎಲ್ಲ ಬದಲಾವಣೆಯೂ ಒಳ್ಳೆಯದು ಅಂತಲ್ಲ. ಪ್ರವಾಸಿಗರಿಗೆ ಅಂತ ಗಡಿಬಿಡಿಯಲ್ಲಿ ಕೆತ್ತಿದ ಮುಖವಾಡಗಳು ಡುವಾಲಾದ ಬೀದಿಗಳಲ್ಲಿ ರಾಶಿ ರಾಶಿ ಸಿಗುತ್ತವೆ. ಅವುಗಳ ಹಿಂದೆ ಯಾವ ಸಂಘವೂ ಇಲ್ಲ, ಯಾವ ಹೊಣೆಯೂ ಇಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಎಲ್ಲ ಅವರೇ ಕೈಯಾರೆ ಮಾಡುತ್ತಾರಾ?

ಇಲ್ಲ, ಮಾಡುತ್ತೇನೆ ಅಂತ ಹೇಳಿಕೊಳ್ಳುವುದೂ ಇಲ್ಲ. ಮರ ಕೆತ್ತುವವರು ಬೇರೆ, ಮಣಿ ಹೊಲಿಯುವವರು ಬೇರೆ, ಉಡುಪು ಕಟ್ಟುವವರು ಬೇರೆ. ಆ ಸೀಮೆಯ ಕಸುಬುದಾರರ ಜೊತೆ ಸೇರಿಯೇ ಕೆಲಸ. ಹಳೇ ಅರಮನೆಗಳಲ್ಲೂ ಹೀಗೇ ನಡೆಯುತ್ತಿತ್ತು.

ನನ್ನ ತಕರಾರು ಒಂದಿದೆ, ಅದು ಅವರ ಮೇಲೆ ಅಲ್ಲ, ಕಲಾ ಲೋಕದ ಮೇಲೆ. ಮ್ಯೂಸಿಯಂನ ಚೀಟಿಯಲ್ಲಿ ಕಲಾವಿದನ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ, ಮಣಿ ಹೊಲಿದವರ ಹೆಸರು ಸಣ್ಣಕ್ಷರದಲ್ಲಿ ಬಂದರೆ ಬಂತು. ಸಾವಿರಾರು ಮಣಿ ಒಂದೊಂದಾಗಿ ಹೊಲಿದ ಕೈಗೂ ಕುಣಿದ ಮೈಗೂ ಹೆಸರಿದೆ. ಅದನ್ನೂ ಬರೆಯಲಿ. ಈಗೀಗ ಕೆಲವು ಪ್ರದರ್ಶನಗಳು ಜೊತೆಗಾರರ ಹೆಸರು ಹೇಳುತ್ತಿವೆ, ಅದು ಎಲ್ಲ ಕಡೆ ನಿಯಮ ಆಗಬೇಕು.

'ಅಸಲಿ' ಮುಖವಾಡ ಅಂದರೆ ಹಳೇದು ತಾನೇ?

ಮಾರುಕಟ್ಟೆಯ ಪ್ರಕಾರ ಹೌದು. ನೂರು ವರ್ಷ ಹಳೇದಾಗಿರಬೇಕು, ಯಾರು ಮಾಡಿದ್ದು ಅಂತ ಗೊತ್ತಿರಬಾರದು, ಬೆವರು ಹೊಗೆ ಹಿಡಿದು ಮಾಸಿರಬೇಕು, 'ಕುಣಿದ' ಗುರುತು ಇರಬೇಕು. ಇದಕ್ಕಾಗಿಯೇ ಹೊಸ ಮುಖವಾಡವನ್ನು ಹೊಗೆಗೆ ಹಿಡಿದು, ಮಣ್ಣಲ್ಲಿ ಹೂತು ಹಳೇದು ಮಾಡುವ ದಂಧೆಯೂ ಇದೆ.

ಒಂದು ಉದಾಹರಣೆ ಸಾಕು. ಬಮಿಲೆಕೆ ಸೀಮೆಗೆ ಅಂಟಿಕೊಂಡ ಬಾಂಗ್ವಾ ಅರಸೊತ್ತಿಗೆಯಲ್ಲಿ ಒಂದು ಮರದ ಹೆಣ್ಣಿನ ವಿಗ್ರಹ ಇತ್ತು. ಮಂಡಿ ಬಗ್ಗಿಸಿ, ಬಾಯಿ ತೆರೆದು, ಈಗಲೇ ಕುಣಿಯಲು ಹೊರಟ ಹಾಗಿದೆ. 1890ರ ದಶಕದ ಕೊನೆಯಲ್ಲಿ ಜರ್ಮನ್ ವಸಾಹತಿನ ಏಜೆಂಟ್ ಗುಸ್ತಾವ್ ಕೊನ್ರಾವ್ ಅದನ್ನು ತೆಗೆದುಕೊಂಡು ಹೋದ. ಬರ್ಲಿನ್ ಸೇರಿತು. 1930ರ ದಶಕದಲ್ಲಿ ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಮ್ಯಾನ್ ರೇ ಅದರ ಫೋಟೋ ತೆಗೆದರು. 1990ರ ಹರಾಜಿನಲ್ಲಿ 34 ಲಕ್ಷ ಡಾಲರಿಗೆ ಹೋಯಿತು. ಲೋಕ ಅದನ್ನು 'ಬಾಂಗ್ವಾ ರಾಣಿ' ಅನ್ನುತ್ತದೆ. ಈ ಎಲ್ಲ ದುಡ್ಡಿನಲ್ಲಿ ಬಾಂಗ್ವಾ ಜನರಿಗೆ ಸಿಕ್ಕಿದ್ದು ಏನೂ ಇಲ್ಲ.

ಈಗ ಯೂಂಬಿ ಅವರ ಮುಖವಾಡ ಪಕ್ಕದಲ್ಲಿಡಿ. ಯಾರು ಮಾಡಿದ್ದು ಗೊತ್ತು. ಯಾವ ವರ್ಷ ಗೊತ್ತು. ಎಲ್ಲಿ ಕುಣಿಯಿತು ಅಂತ ವಿಡಿಯೊ ಇದೆ. ಮಾರಿದವರು ಯಾರು, ಯಾರ ಒಪ್ಪಿಗೆ ಇತ್ತು ಎಲ್ಲ ಗೊತ್ತು. ಹಳೇದೊಂದೇ ಅಸಲಿ ಅನ್ನುವವರಿಗೆ ಇದು ನುಂಗಲಾರದ ತುತ್ತು, ಯಾಕೆಂದರೆ ಅವರೇ ಕೇಳುತ್ತಿದ್ದ 'ಕುಣಿದ ಮುಖವಾಡ' ಇದು, ಆದರೆ ನಿನ್ನೆ ಮಾಡಿದ್ದು. ಮುಖವಾಡ ಅಸಲಿ ಆಗುವುದು ವಯಸ್ಸಿನಿಂದಲ್ಲ, ಅದನ್ನು ಒಪ್ಪಿ ಹಾಕಿಕೊಳ್ಳುವ ಜನರಿಂದ. ಯೂಂಬಿ ಅವರ ಸರಣಿಯನ್ನು ನಾನು ಇಷ್ಟು ಮೆಚ್ಚುವುದಕ್ಕೆ ಕಾರಣ ಇದೇ.

ಹಳೇ ವಸ್ತುಗಳೆಲ್ಲ ಎಲ್ಲಿ ಹೋದವು?

ಒಂದು ಪಾಲು ಜರ್ಮನಿಗೆ. 1884ರಿಂದ ಮೊದಲ ಮಹಾಯುದ್ಧದವರೆಗೆ ಕ್ಯಾಮರೂನ್ ಜರ್ಮನ್ ವಸಾಹತು. ಬರ್ಲಿನ್ನಿನ ಕಲಾ ಇತಿಹಾಸ ತಜ್ಞೆ ಬೆನೆಡಿಕ್ಟ್ ಸವುವಾ ಮತ್ತು ಕ್ಯಾಮರೂನಿನ ಜಾಂಗ್ ವಿಶ್ವವಿದ್ಯಾಲಯದ ಆಲ್ಬರ್ಟ್ ಗುವಾಫೊ ಅವರ ತಂಡ 2023ರಲ್ಲಿ ಒಂದು ಸಂಶೋಧನೆ ಪ್ರಕಟಿಸಿತು. ಅದರ ಲೆಕ್ಕದಲ್ಲಿ ಜರ್ಮನಿಯ ಮ್ಯೂಸಿಯಂಗಳಲ್ಲಿ ಕ್ಯಾಮರೂನಿನ 40,000ಕ್ಕೂ ಹೆಚ್ಚು ವಸ್ತುಗಳಿವೆ. ಹೆಚ್ಚಿನವು ಉಗ್ರಾಣದಲ್ಲಿ, ಯಾರ ಕಣ್ಣಿಗೂ ಬೀಳದೆ.

ಇನ್ನೊಂದು ಪಾಲು ಸುಟ್ಟುಹೋಯಿತು. 1950ರ ದಶಕದ ಕೊನೆಯಿಂದ 1971ರವರೆಗೆ ಬಮಿಲೆಕೆ ಸೀಮೆಯಲ್ಲಿ ನಡೆದ ಯುದ್ಧದ ಬಗ್ಗೆ ಹೊರಗೆ ಗೊತ್ತಿರುವುದು ತುಂಬಾ ಕಡಿಮೆ. ಸ್ವಾತಂತ್ರ್ಯ ಕೇಳಿದ ಯುಪಿಸಿ ಪಕ್ಷವನ್ನು ಮೊದಲು ಆಗ ಆಳುತ್ತಿದ್ದ ಫ್ರೆಂಚರು, 1960ರ ನಂತರ ಹೊಸ ಸರಕಾರ ಫ್ರೆಂಚರ ನೆರವಿನಿಂದ, ಕ್ರೂರವಾಗಿ ಹತ್ತಿಕ್ಕಿತು. ಊರುಗಳು ಉರಿದವು, ಅರಮನೆಗಳು ಹಾಳಾದವು, ಜನ ಸಾವಿರಾರು ಲೆಕ್ಕದಲ್ಲಿ ಸತ್ತರು. ಕೊನೆಯ ನಾಯಕ ಅರ್ನೆಸ್ಟ್ ವಾಂದಿಯೆ ಅವರನ್ನು 1971ರ ಜನವರಿ 15ರಂದು ಬಫುಸಾಮ್‌ನಲ್ಲಿ ಎಲ್ಲರೆದುರು ಗುಂಡಿಕ್ಕಿ ಕೊಂದರು. ಎಷ್ಟೋ ಕುಟುಂಬಗಳು ಡುವಾಲಾಕ್ಕೆ, ಇನ್ನೂ ದೂರಕ್ಕೆ ಹೋದವು. ಪರಂಪರೆ ಅನ್ನುವ ಮಾತನ್ನು ಬಮಿಲೆಕೆ ಕಲಾವಿದರು ಅಷ್ಟು ಗಟ್ಟಿಯಾಗಿ ಹಿಡಿದಿರುವುದಕ್ಕೆ ಹಿನ್ನೆಲೆ ಇದು. ಅದು ಅವರಿಂದ ಎರಡು ಸಲ ಕಸಿದುಕೊಂಡ ವಸ್ತು.

ಮ್ಯೂಸಿಯಂ ಸೇರಿದ ಮುಖವಾಡ ಸತ್ತ ಹಾಗೆ ಅಲ್ವಾ?

ಹಳೇ ಕ್ರಮದಲ್ಲಿ ಹೌದು. ಗಾಜಿನ ಪೆಟ್ಟಿಗೆ, ಮೇಲೊಂದು ಬಲ್ಬು, ಕೆಳಗೆ 'ಅನಾಮಿಕ ಕಲಾವಿದ' ಅನ್ನುವ ಚೀಟಿ. ಮೈ ಇಲ್ಲ, ಡೋಲು ಇಲ್ಲ, ಧೂಳಿಲ್ಲ.

ಪಶ್ಚಿಮ ಕ್ಯಾಮರೂನಿನ ಅರಮನೆ ಮ್ಯೂಸಿಯಂಗಳ ರೀತಿ ಬೇರೆ. ಅಲ್ಲಿ ಸಮಾರಂಭ ಬಂದರೆ ವಸ್ತು ಹೊರಗೆ ಹೋಗುತ್ತದೆ, ಮುಗಿದ ಮೇಲೆ ಮತ್ತೆ ಒಳಗೆ. 2022ರಲ್ಲಿ ಪ್ಯಾರಿಸ್ಸಿನ ಕೆ ಬ್ರಾನ್ಲಿ ಮ್ಯೂಸಿಯಂನಲ್ಲಿ ಕ್ಯಾಮರೂನಿನ ಅರಸೊತ್ತಿಗೆಗಳ ದೊಡ್ಡ ಪ್ರದರ್ಶನ ನಡೆಯಿತು. ಅದಕ್ಕೆ ಅರಮನೆಗಳೇ ತಮ್ಮ ವಸ್ತುಗಳನ್ನು ಎರವಲು ಕೊಟ್ಟವು. ವಸ್ತುವಿನ ಯಜಮಾನರು ಯಾರು ಅನ್ನುವುದರಲ್ಲಿ ಅಲ್ಲಿ ಗೊಂದಲ ಇರಲಿಲ್ಲ. ಯೂಂಬಿ ಅವರ ಕೆಲಸ ನಿಂತಿರುವುದು ಈ ಪದ್ಧತಿಯ ಮೇಲೆ.

ಜರ್ಮನಿಯ ಸ್ಮಶಾನದಲ್ಲಿ ಮುಖವಾಡ ಹಾಕಿದ್ದರಂತೆ?

ಹೌದು, ಮ್ಯೂನ್‌ಸ್ಟರ್ ನಗರದಲ್ಲಿ, 2017ರಲ್ಲಿ. ಅಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ ಊರಿನ ಬಯಲಲ್ಲೇ ಶಿಲ್ಪ ಪ್ರದರ್ಶನ ನಡೆಯುತ್ತದೆ. ಯೂಂಬಿ ಅದಕ್ಕೆ ಒಂದು ಹಳೇ ಸ್ಮಶಾನ ಆರಿಸಿಕೊಂಡು, ಮರಗಳಿಗೆ ಮುಖವಾಡಗಳನ್ನು ಏರಿಸಿದರು. ಹೆಸರು 'ಆಕಾಶದ ಮುಖವಾಡಗಳು'. ಸತ್ತವರು ನಮ್ಮ ಜೊತೆಗೇ ಇದ್ದಾರೆ ಅನ್ನುವ ಬಮಿಲೆಕೆ ನಂಬಿಕೆಯನ್ನು ಯುರೋಪಿನ ಸತ್ತವರ ನಡುವೆ ಇಟ್ಟ ಕೆಲಸ. ಎಲ್ಲೋ ದೂರದ ಪೂರ್ವಜರ ಮುಖಗಳು ಜರ್ಮನ್ ಸಮಾಧಿಗಳ ಮೇಲೆ ಕಾವಲಿಗೆ ನಿಂತ ಹಾಗೆ. ಜಾಗದ ಆಯ್ಕೆಯೇ ಅರ್ಧ ಕೆಲಸ ಮಾಡಿದೆ ಅನ್ನಿಸುತ್ತದೆ ನನಗೆ.

ಮುಖವಾಡ ಬಿಟ್ಟು ಬೇರೆ ಏನು ಮಾಡಿದ್ದಾರೆ?

1998ರಲ್ಲಿ ಡುವಾಲಾದ ಐವರು ಕಲಾವಿದರು ಸೇರಿ 'ಸರ್ಕ್ಲ್ ಕಪ್ಸಿಕಿ' ಎಂಬ ಗುಂಪು ಕಟ್ಟಿದರು, ಯೂಂಬಿ ಅದರಲ್ಲಿ ಒಬ್ಬರು. ಗ್ಯಾಲರಿಗಾಗಿ ಕಾಯದೆ, ಜನ ಇರುವ ಬಡಾವಣೆಗೇ ಕಲೆ ತೆಗೆದುಕೊಂಡು ಹೋಗುವುದು ಅವರ ಹಟ. 2002-03ರಲ್ಲಿ ನ್ಯೂ ಬೆಲ್ ಎಂಬ ಬಡವರ, ಗಿಜಿಗುಡುವ ಬಡಾವಣೆಯಲ್ಲಿ ಊರು ತುಂಬ ಕಲಾ ಕೆಲಸ ಮಾಡಿದರು.

ಅದೇ ನ್ಯೂ ಬೆಲ್‌ನಲ್ಲಿ 2010ರಲ್ಲಿ ಯೂಂಬಿ ಗೋಡೆಗಳ ಮೇಲೆ ಮೊಸಾಯಿಕ್ ಬರಹ ಮಾಡಿದರು. ಸ್ಥಳೀಯ ರ‍್ಯಾಪ್ ಹಾಡುಗಾರರ ಸಾಲುಗಳು, ನೀರಿನ ಬಗ್ಗೆ, ಬದುಕಿನ ಬಗ್ಗೆ. ಡುವಾಲಾರ್ತ್ ಎಂಬ ಕಲಾ ಕೇಂದ್ರ ನಡೆಸುವ ನಗರ ಕಲಾ ಉತ್ಸವಕ್ಕೆ ಮಾಡಿದ್ದು ಅದು. ಓಣಿಯ ಹುಡುಗರ ಮಾತು ಗೋಡೆ ಮೇಲೆ ಗಟ್ಟಿಯಾಗಿ ನಿಂತಿತು. ಮುಖವಾಡಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸಬಹುದು. ಇದೆ. ಎರಡರಲ್ಲೂ ಅವರು ಜನರ ಬಳಿ ಇರುವುದನ್ನು ತೆಗೆದುಕೊಂಡು ಜನರ ನಡುವೆಯೇ ಇಡುತ್ತಾರೆ.

ಬಮಿಲೆಕೆ ಮೂಲದ ಬೇರೆ ಕಲಾವಿದರು?

ಇಬ್ಬರ ಹೆಸರು ಹೇಳುತ್ತೇನೆ. ಬಾರ್ತೆಲೆಮಿ ತೋಗೊ, 1967ರಲ್ಲಿ ಹುಟ್ಟಿದವರು. ವಲಸೆ, ಗಡಿ, ವೀಸಾ ಇವರ ವಸ್ತು. ಮರದಲ್ಲಿ ದೊಡ್ಡ ದೊಡ್ಡ ರಬ್ಬರ್ ಸ್ಟಾಂಪಿನ ಆಕಾರ ಕೆತ್ತುತ್ತಾರೆ. 2022ರಲ್ಲಿ ಪ್ಯಾರಿಸ್ಸಿನ ಲೂವ್ರ್ ಪಿರಮಿಡ್ಡಿನೊಳಗೆ, ಸಮುದ್ರದಲ್ಲಿ ಕಾಣೆಯಾದ ವಲಸಿಗರಿಗಾಗಿ ಬಟ್ಟೆ ಗಂಟುಗಳ ಎತ್ತರದ ಕಂಬ ನಿಲ್ಲಿಸಿದ್ದರು. ಅವರ ಹೆಸರು ಹೇಳಲು ನನಗೆ ಇನ್ನೂ ದೊಡ್ಡ ಕಾರಣ 'ಬಂಜೂನ್ ಸ್ಟೇಷನ್'. ಯುರೋಪಿನಲ್ಲಿ ಸಂಪಾದಿಸಿದ್ದನ್ನು ತಂದು ತಮ್ಮ ಸೀಮೆಯಲ್ಲಿ ಕಲಾ ಕೇಂದ್ರ ಕಟ್ಟಿದರು, 2013ರಲ್ಲಿ ಬಾಗಿಲು ತೆರೆಯಿತು. ಹೊರಗೋಡೆಗಳ ತುಂಬ ಮೊಸಾಯಿಕ್. ಜೊತೆಗೆ ಹೊಲ ಇದೆ, ಕಾಫಿ ಬೆಳೆಯುತ್ತಾರೆ. ಕಾಫಿ ಬೆಳೆದವನಿಗೆ ಬೆಲೆ ಕಟ್ಟುವ ಹಕ್ಕು ಇರಬೇಕು ಅನ್ನುವುದು ಅವರ ವಾದ.

ಇನ್ನೊಬ್ಬರು ಪಾಸ್ಕಲ್ ಮಾರ್ತಿನ್ ತಾಯು, 1966ರಲ್ಲಿ ಹುಟ್ಟಿದವರು. ಡುವಾಲಾದ ಒಂದು ವೃತ್ತದಲ್ಲಿ ಎನಾಮಲ್ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿದ ಅವರ ಕಂಬ 2010ರಿಂದ ಇದೆ. ಅದರ ಫೋಟೋ ಹುಡುಕಿ ನೋಡಿ.

ಯೂಂಬಿ ಅವರ ಮುಖವಾಡ ಎಲ್ಲಿ ನೋಡಬಹುದು? ಎಲ್ಲಿಂದ ಶುರು ಮಾಡಲಿ?

ಅಮೆರಿಕದಲ್ಲಿರುವ ಕನ್ನಡಿಗರಿಗೆ ಅವಕಾಶ ಜಾಸ್ತಿ. 2025ರಲ್ಲಿ ನ್ಯೂ ಆರ್ಲಿಯನ್ಸ್ ಕಲಾ ಮ್ಯೂಸಿಯಂನಲ್ಲಿ ಶುರುವಾದ ಹೊಸ ಆಫ್ರಿಕನ್ ಮುಖವಾಡಗಳ ಪ್ರದರ್ಶನದಲ್ಲಿ ನಾಲ್ವರು ಕಲಾವಿದರಿದ್ದರು: ನೈಜೀರಿಯಾ, ಸಿಯೆರಾ ಲಿಯೋನ್, ಬುರ್ಕಿನಾ ಫಾಸೊ ದೇಶಗಳಿಂದ ಒಬ್ಬೊಬ್ಬರು, ಕ್ಯಾಮರೂನಿನಿಂದ ಯೂಂಬಿ. ಪೂರ್ತಿ ಉಡುಪಿನ ಸಮೇತ, ಅವರವರ ಹೆಸರಿನ ಸಮೇತ. ಆ ಪ್ರದರ್ಶನವನ್ನು ಬೇರೆ ಊರುಗಳಿಗೂ ಒಯ್ಯುವಂತೆ ರೂಪಿಸಿದ್ದರು.

ಪರದೆಯ ಮೇಲೆ ನೋಡುವವರು ಸ್ಥಿರಚಿತ್ರದಿಂದ ಶುರು ಮಾಡಬೇಡಿ. ಮೊದಲು ಕುಣಿತದ ವಿಡಿಯೊ ನೋಡಿ, ಅದೂ ಧ್ವನಿ ಜೋರಾಗಿಟ್ಟು. ಮುಖವಾಡದವರು ಹೇಗೆ ಒಟ್ಟಿಗೆ ತಿರುಗುತ್ತಾರೆ, ಕಿವಿ ಹೇಗೆ ಬಡಿಯುತ್ತದೆ, ಸುತ್ತ ನಿಂತ ಹೆಂಗಸರು, ಮಕ್ಕಳು ಎಷ್ಟು ದೂರ ಸರಿಯುತ್ತಾರೆ, ಮತ್ತೆ ಎಷ್ಟು ಬೇಗ ಹತ್ತಿರ ಬರುತ್ತಾರೆ, ಇದನ್ನೆಲ್ಲ ಗಮನಿಸಿ. ಆಮೇಲೆ ಫೋಟೋ ತೆರೆದು ಮಣಿ ಕೆಲಸವನ್ನು ದೊಡ್ಡದು ಮಾಡಿ ನೋಡಿ. ಸಿಕ್ಕಿದರೆ ಹಳೇ ಕ್ವೋಸಿ ಮುಖವಾಡದ ಫೋಟೋ ಒಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎರಡರಲ್ಲೂ ಒಂದೇ ತ್ರಿಕೋನ, ಒಂದೇ ಬಿಳಿ ಕಣ್ಣುಂಗುರ ಸಿಗುತ್ತವೆ.